ಓದುಗರ ಪ್ರಶ್ನೆ: ಮತಯಂತ್ರವೋ, ಮತಪತ್ರವೋ?

ಪ್ರಶ್ನೆ: ಜರ್ಮನಿ, ನೆದರ್ಲೆಂಡ್ಸ್‌ನಂತಹ ಮುಂದುವರಿದ ದೇಶಗಳೇ ಮತಯಂತ್ರಗಳನ್ನು ಬಿಟ್ಟು ಕಾಗದಕ್ಕೆ ಮರಳಿವೆ. ಹಾಗಿರುವಾಗ ಲೋಕಸಭಾ ಚುನಾವಣೆಯಲ್ಲಿ ನಾವು ಯಂತ್ರವನ್ನೇ ಏಕೆ ನೆಚ್ಚಿಕೊಂಡಿದ್ದೇವೆ? ಮತಪತ್ರಕ್ಕೆ ಮರಳುವುದು ಒಳಿತಲ್ಲವೇ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಮೊದಲು ಜರ್ಮನಿಯ ವಿಷಯ. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವು 2005ರ ಸಂಸತ್ ಚುನಾವಣೆಯಲ್ಲಿ ಬಳಸಿದ್ದ ಯಂತ್ರಗಳು ಸಂವಿಧಾನಕ್ಕೆ ವಿರುದ್ಧವೆಂದು 2009ರ ಮಾರ್ಚ್ 3ರಂದು ತೀರ್ಪಿತ್ತಿತು. ಯಂತ್ರಗಳಲ್ಲಿ ಮೋಸ ನಡೆದಿತ್ತೆಂದು ಅದು ಹೇಳಲಿಲ್ಲ. ಆ ಚುನಾವಣೆಯ ಫಲಿತಾಂಶವನ್ನೂ ರದ್ದುಮಾಡಲಿಲ್ಲ. ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ನಾಗರಿಕನೂ ಮತದಾನ ಮತ್ತು ಎಣಿಕೆಯ ಮುಖ್ಯ ಹಂತಗಳನ್ನು ಸ್ವತಃ ಪರಿಶೀಲಿಸಲು ಸಾಧ್ಯವಿರಬೇಕು ಎಂಬುದು ಅದರ ತತ್ತ್ವ. ಅಲ್ಲಿನ ಯಂತ್ರಗಳಲ್ಲಿ ಮತದಾರನ ಕಣ್ಣಿಗೆ ಬೀಳುವ ಕಾಗದದ ಯಾವ ದಾಖಲೆಯೂ ಇರಲಿಲ್ಲ. ನಮ್ಮ ವ್ಯವಸ್ಥೆಯನ್ನು ಅಳೆಯುವುದಕ್ಕೂ ಇದೇ ಸರಿಯಾದ ಅಳತೆಗೋಲೆಂದು ನನ್ನ ನಂಬಿಕೆ. ಯಂತ್ರವನ್ನು ಹ್ಯಾಕ್ ಮಾಡಬಹುದೇ ಎಂಬ ಚರ್ಚೆ ತಜ್ಞರ ನಡುವೆಯೇ ಮುಗಿಯದೆ ಉಳಿಯುತ್ತದೆ. ಅದನ್ನು ನಾನಾಗಲಿ ನೀವಾಗಲಿ ಮನೆಯಲ್ಲಿ ಕುಳಿತು ತೀರ್ಮಾನಿಸಲಾರೆವು. ಆದರೆ ಎಣಿಕೆ ಸರಿಯಾಗಿದೆಯೆಂದು ಸೋತ ಅಭ್ಯರ್ಥಿಯ ಏಜೆಂಟನಿಗೂ ಮನವರಿಕೆ ಮಾಡಿಕೊಡುವ ದಾರಿ ಇದೆಯೇ ಎಂಬುದನ್ನು ಯಾರು ಬೇಕಾದರೂ ನೋಡಬಹುದು.

ಮತಪತ್ರದ ಕಾಲವನ್ನು ಈಗ ನೆನೆಯುವವರು ಅದರ ಕಷ್ಟಗಳನ್ನು ಮರೆಯಬಾರದು. ಇಂದಿರಾ ಗಾಂಧಿಯವರು 1978ರ ಉಪಚುನಾವಣೆಯಲ್ಲಿ ಚಿಕ್ಕಮಗಳೂರಿನಿಂದ ವೀರೇಂದ್ರ ಪಾಟೀಲರ ವಿರುದ್ಧ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದದ್ದು ಮತಪತ್ರದಲ್ಲಿಯೇ; ಅಷ್ಟು ದೊಡ್ಡ ಅಂತರವಿದ್ದಾಗ ಕೆಲವು ಸಾವಿರ ಮತಗಳು ಕುಲಗೆಟ್ಟರೂ ಫಲಿತಾಂಶ ಬದಲಾಗದು. ಅಂತರ ಕಿರಿದಾದಾಗ, ಮೊಹರು ಎರಡು ಗೆರೆಗಳ ನಡುವೆ ಬಿತ್ತೋ, ಮಡಿಸುವಾಗ ಮಸಿ ಇನ್ನೊಂದು ಚಿಹ್ನೆಗೆ ಅಂಟಿತೋ ಎಂದು ಎಣಿಕೆಯ ಮೇಜಿನ ಮೇಲೆ ಜಗಳವೇ ಆಗುತ್ತಿತ್ತು. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಮಂದಿ ಕಣದಲ್ಲಿದ್ದರು. ಅಂತಹ ಮತಪತ್ರವನ್ನು ಮುದ್ರಿಸಿ, ಬಿಡಿಸಿ, ಮಡಿಸಿ, ಎಣಿಸುವ ಪಾಡನ್ನು ಊಹಿಸಿಕೊಳ್ಳಿ. ಮತಗಟ್ಟೆಗೆ ನುಗ್ಗಿದವರು ಕಂತೆಗಟ್ಟಲೆ ಮತಪತ್ರಗಳಿಗೆ ಮೊಹರು ಒತ್ತಿ ಪೆಟ್ಟಿಗೆ ತುಂಬಿಸಬಹುದಿತ್ತು. ಯಂತ್ರವಾದರೆ ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಮತ ಸ್ವೀಕರಿಸುವುದಿಲ್ಲ, ಅಪಾಯ ಕಂಡರೆ ಮತಗಟ್ಟೆಯ ಅಧಿಕಾರಿ ಅದನ್ನು ಮುಚ್ಚಿಬಿಡಬಹುದು.

ಇನ್ನು ನಮ್ಮ ಯಂತ್ರದ ಕಥೆ. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಅದು ಮೊದಲ ಬಾರಿಗೆ ಬಳಕೆಯಾಯಿತು. ಕಾಯ್ದೆಯಲ್ಲಿ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟ್ 1984ರಲ್ಲಿ ಅದನ್ನು ತಳ್ಳಿಹಾಕಿದ ಮೇಲೆ ಪ್ರಜಾ ಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. 2004ರ ಲೋಕಸಭಾ ಚುನಾವಣೆ ಇಡೀ ದೇಶದಲ್ಲಿ ಯಂತ್ರದ ಮೂಲಕವೇ ನಡೆಯಿತು. ಆದರೆ ಮತದಾರನ ಕಣ್ಣಿಗೆ ಕಾಣುವ ಕಾಗದದ ಚೀಟಿ, ಅಂದರೆ ವಿವಿಪ್ಯಾಟ್, ಎಲ್ಲ ಮತಗಟ್ಟೆಗಳಿಗೂ ಬಂದದ್ದು 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ. ನಡುವಿನ ಆ ವರ್ಷಗಳಲ್ಲಿ ಎದ್ದ ಅನುಮಾನವನ್ನು ನಾನು ಅವಿವೇಕವೆಂದು ಕರೆಯಲಾರೆ.

ಈಗ ಕಾಗದ ಇದೆ. ಅದನ್ನು ಎಷ್ಟು ಎಣಿಸುತ್ತೇವೆ ಎಂಬುದರಲ್ಲಿ ನನ್ನ ತಕರಾರಿದೆ. 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಡನೆ ತಾಳೆ ನೋಡುತ್ತಾರೆ. ಹಾಸನ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿರುವುದರಿಂದ ಒಟ್ಟು 40 ಮತಗಟ್ಟೆಗಳಾದವು. ಲೋಕಸಭೆಯ ಮಟ್ಟದಲ್ಲಿ, ಅಂತರ ದೊಡ್ಡದಿದ್ದಾಗ, ಇದು ತಕ್ಕಮಟ್ಟಿನ ಭರವಸೆ ಕೊಡುತ್ತದೆ. ಆದರೆ ಒಂದೇ ವಿಧಾನಸಭಾ ಕ್ಷೇತ್ರದ ಮಟ್ಟಿಗೆ ಲೆಕ್ಕ ಹಾಕಿ ನೋಡಿ: 200 ಮತಗಟ್ಟೆಗಳ ಪೈಕಿ ನಾಲ್ಕರಲ್ಲಿ ಲೆಕ್ಕ ತಪ್ಪಿದೆ ಎಂದುಕೊಂಡರೆ, ಐದನ್ನು ಆರಿಸಿದಾಗ ಆ ನಾಲ್ಕರಲ್ಲಿ ಒಂದಾದರೂ ಕೈಗೆ ಸಿಗುವ ಸಾಧ್ಯತೆ ಸುಮಾರು ಶೇಕಡಾ 10 ಮಾತ್ರ. 2023ರಲ್ಲಿ ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ ಗೆಲುವಿನ ಅಂತರ 201 ಮತಗಳಷ್ಟಿತ್ತು. ಅಷ್ಟು ಕಿರಿದಾದ ಅಂತರವಿದ್ದಲ್ಲಿಯೂ, ಅಂತರ ಲಕ್ಷ ದಾಟಿದಲ್ಲಿಯೂ ಒಂದೇ ಸಮನೆ ಐದು ಮತಗಟ್ಟೆಗಳನ್ನು ನೋಡುವುದು ತರ್ಕಕ್ಕೆ ಒಪ್ಪುವಂಥದ್ದಲ್ಲ. ಅಭ್ಯರ್ಥಿ ಕೋರಿದರೆ ಚೀಟಿಗಳನ್ನು ಎಣಿಸಲು ಚುನಾವಣಾಧಿಕಾರಿ ಒಪ್ಪಬಹುದು, ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ಅಂತಿಮವೆಂದು ನಿಯಮವೂ ಇದೆ. ಆದರೆ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.

ಮತಪತ್ರಕ್ಕೆ ಮರಳಬೇಕೆಂಬ ಹಾಗೂ ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಗಳೆರಡನ್ನೂ ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 26ರಂದು ನಿರಾಕರಿಸಿತು. ಎರಡು ಮತ್ತು ಮೂರನೆಯ ಸ್ಥಾನ ಪಡೆದವರು ಕೋರಿದರೆ ಶೇಕಡಾ 5ರಷ್ಟು ಯಂತ್ರಗಳನ್ನು ಪರಿಶೀಲಿಸಲು ಅವಕಾಶ ಕೊಟ್ಟಿತು. ಮೊದಲ ನಿರಾಕರಣೆಯನ್ನು ನಾನು ಒಪ್ಪುತ್ತೇನೆ. ಎಲ್ಲವನ್ನೂ ಎಣಿಸಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಅಂತರ ಕಿರಿದಾದಷ್ಟೂ ಎಣಿಸುವ ಚೀಟಿಗಳ ಸಂಖ್ಯೆ ಏರುವಂತೆ ನಿಯಮ ಆಗಲೇಬೇಕು, ಅದು ಯಾರ ಕೃಪೆಯನ್ನೂ ಅವಲಂಬಿಸಿರಬಾರದು.

ಪ್ರಶ್ನೆ: ನಮ್ಮ ಮತಗಟ್ಟೆಯಲ್ಲಿ ಬಹುಪಾಲು ಮತದಾರರು ಎಸ್ಟೇಟಿನ ಲೈನ್ ಮನೆಗಳವರು. ಫಲಿತಾಂಶ ಬಂದ ಮೇಲೆ ಇಲ್ಲಿ ಯಾವ ಪಕ್ಷಕ್ಕೆ ಎಷ್ಟು ಮತ ಬಿದ್ದಿದೆಯೆಂದು ಊರಿಗೆಲ್ಲ ಗೊತ್ತಾಗುತ್ತದೆ. ಗುಪ್ತ ಮತದಾನದಲ್ಲಿ ಹೀಗಾಗಬಹುದೇ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಯಂತ್ರ ಬಂದದ್ದರಿಂದ ನಾವು ನಿಜವಾಗಿ ಕಳೆದುಕೊಂಡದ್ದು ಇದನ್ನೇ, ಮತ್ತು ಇದರ ಬಗ್ಗೆ ನಡೆಯಬೇಕಾದಷ್ಟು ಚರ್ಚೆ ನಡೆಯುತ್ತಿಲ್ಲ. ಮತಪತ್ರಗಳಿದ್ದಾಗ ಹಲವು ಮತಗಟ್ಟೆಗಳ ಪೆಟ್ಟಿಗೆಗಳನ್ನು ಸುರಿದು, ಬೆರೆಸಿ, ಆಮೇಲೆ ಎಣಿಸಲು ಅವಕಾಶವಿತ್ತು. ಯಾವ ಹಳ್ಳಿ ಯಾರ ಕಡೆ ನಿಂತಿತೆಂದು ಹೇಳಲಾಗುತ್ತಿರಲಿಲ್ಲ. ಯಂತ್ರವು ಒಂದೊಂದು ಮತಗಟ್ಟೆಯ ಲೆಕ್ಕವನ್ನೂ ಬೇರೆಬೇರೆಯಾಗಿ ತೋರಿಸುತ್ತದೆ, ಆ ಪಟ್ಟಿ ಬಳಿಕ ಪ್ರಕಟವೂ ಆಗುತ್ತದೆ. ವ್ಯಕ್ತಿಯ ಮತ ಗುಟ್ಟಾಗಿಯೇ ಉಳಿಯುತ್ತದೆ, ನಿಜ. ಆದರೆ ಮನೆ, ಕೂಲಿ, ರೇಷನ್ ಕಾರ್ಡಿನ ಕೆಲಸ ಎಲ್ಲಕ್ಕೂ ಇನ್ನೊಬ್ಬರ ಮುಖ ನೋಡಬೇಕಾದ ಮುನ್ನೂರು ನಾನೂರು ಜನರ ಪಾಲಿಗೆ, ಇಡೀ ಲೈನಿನ ಮತ ಬಯಲಾಗುವುದೂ ಬೆದರಿಕೆಯೇ. ಇದಕ್ಕೆ ಪರಿಹಾರವಾಗಿ ಹದಿನಾಲ್ಕು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ತೋರಿಸುವ ಟೋಟಲೈಸರ್ ಎಂಬ ಸಾಧನವನ್ನು ಚುನಾವಣಾ ಆಯೋಗವೇ 2008ರಲ್ಲಿ ಸೂಚಿಸಿತ್ತು, 2015ರಲ್ಲಿ ಕಾನೂನು ಆಯೋಗವೂ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮತಗಟ್ಟೆವಾರು ಅಂಕಿಗಳು ಬೂತ್ ಮಟ್ಟದ ಕಾರ್ಯಕರ್ತರ ಕೆಲಸ ಅಳೆಯಲು ಬೇಕೆಂದು ಪಕ್ಷಗಳು ಭಾವಿಸುವುದು ಸಹಜ. ಲೈನ್ ಮನೆಯ ಮತದಾರರ ನಿರ್ಭಯತೆಗಿಂತ ಆ ಅನುಕೂಲ ದೊಡ್ಡದಲ್ಲವೆಂದು ನಾನು ಖಚಿತವಾಗಿ ಹೇಳುತ್ತೇನೆ.

ಪ್ರಶ್ನೆ: ನಾನು ಒತ್ತಿದ ಚಿಹ್ನೆಯೊಂದು, ಚೀಟಿಯಲ್ಲಿ ಕಂಡದ್ದು ಮತ್ತೊಂದಾದರೆ ಏನು ಮಾಡಬೇಕು?
— ಓದುಗರೊಬ್ಬರು, ಕಡೂರು

ಉತ್ತರ: ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣುತ್ತದೆ, ಆತುರಪಡದೆ ಕ್ರಮಸಂಖ್ಯೆ, ಹೆಸರು, ಚಿಹ್ನೆ ಮೂರನ್ನೂ ಓದಿ. ತಪ್ಪು ಕಂಡರೆ ಹೊರಬರುವ ಮುಂಚೆಯೇ ಮತಗಟ್ಟೆಯ ಅಧ್ಯಕ್ಷಾಧಿಕಾರಿಗೆ ತಿಳಿಸಿ. ಅವರು ನಿಮ್ಮಿಂದ ಲಿಖಿತ ಹೇಳಿಕೆ ಪಡೆದು, ತಮ್ಮ ಹಾಗೂ ಏಜೆಂಟರ ಎದುರಿನಲ್ಲಿ ಪರೀಕ್ಷಾ ಮತ ಹಾಕಿಸುತ್ತಾರೆ. ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ಅಲ್ಲಿಗೇ ನಿಲ್ಲುತ್ತದೆ. ಸುಳ್ಳೆಂದು ಕಂಡುಬಂದರೆ ದೂರಿದವರು ಶಿಕ್ಷೆಗೆ ಗುರಿಯಾಗಬಹುದೆಂಬ ನಿಯಮ ಮಾತ್ರ ಕಠಿಣವಾದದ್ದು: ಮೊದಲ ಬಾರಿ ತಪ್ಪಿದ ಯಂತ್ರ ಎರಡನೆಯ ಬಾರಿ ಸರಿಯಾಗಿ ನಡೆದರೆ, ಪ್ರಾಮಾಣಿಕನೇ ಸಿಕ್ಕಿಬೀಳುತ್ತಾನೆ. ಬೇಕೆಂದೇ ಸುಳ್ಳು ಹೇಳಿದ್ದು ರುಜುವಾತಾದರೆ ಮಾತ್ರ ಶಿಕ್ಷೆ ಎಂದು ಈ ನಿಯಮವನ್ನು ತಿದ್ದಬೇಕು. ಅಲ್ಲಿಯವರೆಗೆ, ಕಂಡದ್ದು ನಿಮಗೆ ಖಚಿತವಿದ್ದರೆ ಹೆದರದೆ ಲಿಖಿತ ಹೇಳಿಕೆ ಕೊಡಿ, ಹಾಗೂ ಏಜೆಂಟರು ಪರೀಕ್ಷಾ ಮತವನ್ನು ಹತ್ತಿರದಿಂದ ನೋಡುವಂತೆ ಕೇಳಿಕೊಳ್ಳಿ.