ಓಕ್ ಮರದಿಂದ ಏಳುವ ಹಸಿರು ಪತಂಗ ಯಾವುದು?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಹಿತ್ತಲಲ್ಲಿ ಹಳೇ ಓಕ್ ಮರವಿದೆ. ಮೇ ತಿಂಗಳಲ್ಲಿ ಅದರಿಂದ ಹಸಿರು ಹುಳುಗಳು ನೂಲು ಹಿಡಿದು ಜೋತಾಡುತ್ತಿದ್ದವು. ಎಲೆಯೆಲ್ಲಾ ತೂತು. ಈಗ ಜೂನ್ ಕೊನೆ. ಕೊಂಬೆ ಅಲ್ಲಾಡಿಸಿದರೆ ಚಿಕ್ಕ ಹಸಿರು ಪತಂಗಗಳು ಏಳುತ್ತವೆ. ಫೋಟೊ ಕಳಿಸಿದ್ದೇನೆ. ಇದು ಯಾವ ಜಾತಿ? ಔಷಧಿ ಹೊಡೆಸಬೇಕಾ?

ಉತ್ತರ: ಇದು ಟಾರ್ಟ್ರಿಕ್ಸ್ ವಿರಿಡಾನಾ. ಅಲ್ಲಿ ಗ್ರೀನ್ ಓಕ್ ಟಾರ್ಟ್ರಿಕ್ಸ್ ಎನ್ನುತ್ತಾರೆ. ಫೋಟೊದಲ್ಲಿ ಒಂದು ಪತಂಗ ರೆಕ್ಕೆ ಬಿಚ್ಚಿ ಕೂತಿರುವುದು ಒಳ್ಳೆಯದೇ ಆಯಿತು. ಮುಂದಿನ ರೆಕ್ಕೆ ತಿಳಿ ಹಸಿರು, ಹಿಂದಿನದು ಬೂದು. ರೆಕ್ಕೆ ಮಡಚಿದರೆ ಆ ಬೂದು ಕಾಣುವುದೇ ಇಲ್ಲ. ರೆಕ್ಕೆ ಬಿಚ್ಚಿದಾಗ ಅಗಲ 18ರಿಂದ 24 ಮಿ.ಮೀ. ಹಿಂದಿನ ರೆಕ್ಕೆ ಬೆಳ್ಳಗಿದ್ದಿದ್ದರೆ ಇಯರಿಯಾಸ್ ಕ್ಲೋರಾನಾ ಎನ್ನುತ್ತಿದ್ದೆ. ಅದು ವಿಲ್ಲೋ ಮರದ್ದು, ನಮ್ಮೂರಲ್ಲಿ ಬೆಂಡೆಕಾಯಿ ಕೊರೆಯುವ ಹುಳುವಿನ ಹತ್ತಿರದ ನೆಂಟ! ಓಕ್ ಮೇಲೆಯೇ ಇರುವ ಗ್ರೀನ್ ಸಿಲ್ವರ್‌ಲೈನ್ಸ್ ಕೂಡ ಹಸಿರೇ. ಆದರೆ ಅದು ದೊಡ್ಡದು, ರೆಕ್ಕೆ ಮೇಲೆ ಓರೆಯಾದ ಬಿಳಿ ಗೆರೆಗಳಿರುತ್ತವೆ.

ಮೇನಲ್ಲಿ ಜೋತಾಡಿದ ಹುಳುಗಳೆಲ್ಲಾ ಇದರವೇ ಎಂದು ಮಾತ್ರ ಹೇಳಲಾರೆ. ವಿಂಟರ್ ಮಾತ್ ಎಂಬ ಇನ್ನೊಂದು ಪತಂಗದ ಹಸಿರು ಮರಿಗಳೂ ಅದೇ ಹೊತ್ತಿಗೆ ಓಕ್ ಎಲೆ ತಿನ್ನುತ್ತವೆ, ಹಾಗೇ ನೂಲು ಬಿಟ್ಟು ಇಳಿಯುತ್ತವೆ. ಅವು ಬೆನ್ನು ಗೂನು ಮಾಡಿಕೊಂಡು ಗೇಣು ಹಾಕುತ್ತಾ ನಡೆಯುತ್ತವೆ. ಟಾರ್ಟ್ರಿಕ್ಸ್ ಮರಿ ಎಲೆಯನ್ನು ಸುರುಳಿ ಸುತ್ತಿ ರೇಷ್ಮೆಯಲ್ಲಿ ಅಂಟಿಸಿ ಒಳಗೆ ಕೂರುತ್ತದೆ. ಮುಟ್ಟಿದರೆ ಸರ್ರನೆ ಹಿಂದಕ್ಕೆ ಜಾರುತ್ತದೆ. ಮರದಲ್ಲಿ ಈಗಲೂ ಸುರುಳಿ ಎಲೆಗಳಿರಬೇಕು, ಒಂದೆರಡು ಬಿಡಿಸಿ ನೋಡಿ. ಖಾಲಿ ಕೋಶದ ಸಿಪ್ಪೆ ಸಿಗಬಹುದು.

ಔಷಧಿ ಬೇಡ. ಈ ವರ್ಷದ ತಿನ್ನುವ ಕೆಲಸ ಮುಗಿದಿದೆ, ಈಗ ಹೊಡೆದರೆ ಸುಮ್ನೆ ದುಡ್ಡು ದಂಡ. ಪತಂಗಗಳು ಈಗ ರೆಂಬೆಗಳ ಮೇಲೆ ಮೊಟ್ಟೆ ಇಡುತ್ತವೆ. ಅವು ಒಡೆಯುವುದು ಮುಂದಿನ ವಸಂತದಲ್ಲಿ, ಚಿಗುರಿನ ಹೊತ್ತಿಗೆ. ಎಲೆ ಜಾಸ್ತಿ ಹೋದರೂ ಗಟ್ಟಿಮುಟ್ಟಾದ ಓಕ್ ಬೇಸಿಗೆಯಲ್ಲೇ ಎರಡನೇ ಸಲ ಚಿಗುರುತ್ತದೆ. ಅಲ್ಲದೆ ಬ್ಲೂ ಟಿಟ್ ಹಕ್ಕಿಗಳು ಮರಿ ಸಾಕುವುದೇ ಈ ಹುಳುಗಳನ್ನು ನಂಬಿಕೊಂಡು.

ಹೆದರಬೇಕಾದದ್ದು ಬೇರೆ ಇದೆ: ಓಕ್ ಪ್ರೊಸೆಷನರಿ ಮಾತ್. 2006ರಲ್ಲಿ ಲಂಡನ್‌ನಲ್ಲಿ ಕಾಣಿಸಿಕೊಂಡು ಆಗ್ನೇಯ ಇಂಗ್ಲೆಂಡಿನಲ್ಲಿ ಹಬ್ಬಿದೆ. ಅದರದು ಉದ್ದ ಬಿಳಿ ಕೂದಲಿನ ಕಂಬಳಿಹುಳು, ಸಾಲು ಕಟ್ಟಿ ನಡೆಯುತ್ತದೆ, ಕಾಂಡ ಕೊಂಬೆಗಳ ಮೇಲೆ ಬಲೆಯ ಗೂಡು ಕಟ್ಟುತ್ತದೆ. ಅದರ ಸಣ್ಣ ರೋಮ ತಾಗಿದರೆ ಮೈಯೆಲ್ಲಾ ತುರಿಕೆ, ಕೆಲವರಿಗೆ ಉಸಿರಾಟಕ್ಕೂ ತೊಂದರೆ. ಅಂಥದ್ದು ಕಂಡರೆ ಮುಟ್ಟಬೇಡಿ, ಮಕ್ಕಳನ್ನು ದೂರ ಇಡಿ, ಫಾರೆಸ್ಟ್ರಿ ಕಮಿಷನ್‌ಗೆ ತಿಳಿಸಿ.