ಮಾಗಡಿ ಕೆರೆಯ ಹೆಬ್ಬಾತುಗಳನ್ನು ನೋಡಲು ಯಾವಾಗ ಹೋಗಬೇಕು?

ಪ್ರಶ್ನೆ: ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಕ್ಕಳೊಂದಿಗೆ ಪಕ್ಷಿವೀಕ್ಷಣೆಗೆ ಹೋಗಬೇಕೆಂದಿದ್ದೇವೆ. ಯಾವ ಕಾಲ ಸೂಕ್ತ? ದುಬಾರಿ ದುರ್ಬೀನು ಬೇಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ಡಿಸೆಂಬರ್, ಜನವರಿ ತಿಂಗಳುಗಳು ಉತ್ತಮ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ, ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೇ ಮುಖ್ಯ ಆಕರ್ಷಣೆ. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳಿದ್ದು, ಹಳದಿ ಕೊಕ್ಕಿನ ತುದಿ ಮಾತ್ರ ಕಪ್ಪಾಗಿರುವುದರಿಂದ ಮಕ್ಕಳೂ ಇವನ್ನು ಸುಲಭವಾಗಿ ಗುರುತಿಸಬಲ್ಲರು. ಇವು ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಹಗಲನ್ನು ನೀರಿನ ಮೇಲೆ ಕಳೆಯುತ್ತವೆ. ಹಾಗಾಗಿ ಬೆಳಗಾಗುವ ಮೊದಲೇ ದಂಡೆಯಲ್ಲಿದ್ದರೆ, ಕೂಗುತ್ತಾ ಸಾಲುಸಾಲಾಗಿ ಮರಳಿ ಬಂದಿಳಿಯುವ ಹಿಂಡುಗಳನ್ನು ಕಾಣಬಹುದು. ಒಂಬತ್ತು ಗಂಟೆಗೆ ತಿಂಡಿ ಮುಗಿಸಿ ಹೊರಡುವವರಿಗೆ ಈ ಭಾಗ್ಯವಿಲ್ಲ!

ದುರ್ಬೀನಿನ ಬೆಲೆಗಿಂತ ಅದರ ಮೇಲಿನ ಅಂಕಿ ಮುಖ್ಯ. 8x42 ಎಂದರೆ ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ವ್ಯಾಸದ ಮುಂಗಾಜಿನ ದುರ್ಬೀನು. ಇದಕ್ಕಿಂತ ಹೆಚ್ಚು ಹಿಗ್ಗಿಸುವುದನ್ನು ಕೊಂಡರೆ ಮಕ್ಕಳ ಕೈನಡುಕಕ್ಕೆ ಚಿತ್ರವೂ ಅಲುಗುತ್ತದೆ. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ, ಹಕ್ಕಿಗಳನ್ನು ಹಾರಿಸಿ ಫೋಟೊ ತೆಗೆಯುವುದಂತೂ ಬೇಡವೇ ಬೇಡ.