ಕ್ರೀಡಾ ಪ್ರಶ್ನೋತ್ತರ: ಬೀಳದೆ ಉಳಿದ ಹಳದಿ ಬಾವುಟ

ಪ್ರಶ್ನೆ: ನನ್ನ ಮಗಳು ಮತ್ತು ಅಳಿಯ ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿದ್ದಾರೆ. ಅವರ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ, ಅಕ್ಕಪಕ್ಕದವರು 2019ರ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯದ ವಿಷಯ ಬಂದೊಡನೆ ಇಂದಿಗೂ ಸಿಟ್ಟಾಗುವುದನ್ನು ಕಂಡೆ. ಮೈದಾನದಲ್ಲಿದ್ದ ಎಲ್ಲರಿಗೂ ಕಂಡ ತಪ್ಪು ರೆಫರಿಗಳಿಗೆ ಮಾತ್ರ ಕಾಣಲಿಲ್ಲವೇಕೆ? ಟಿ.ವಿ.ಯಲ್ಲಿ ಮತ್ತೊಮ್ಮೆ ನೋಡಿ ಅಲ್ಲಿಯೇ ಸರಿಪಡಿಸಬಹುದಿತ್ತಲ್ಲವೇ?
(ನಿವೃತ್ತ ಬ್ಯಾಂಕ್ ಅಧಿಕಾರಿ, ಸರಸ್ವತೀಪುರಂ, ಮೈಸೂರು)

ಉತ್ತರ: ನೀವು ಹೇಳುತ್ತಿರುವುದು 2019ರ ಜನವರಿ 20ರಂದು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಅಲ್ಲಿನ ಸೇಂಟ್ಸ್ ತಂಡಕ್ಕೂ ಲಾಸ್ ಏಂಜಲೀಸ್‌ನ ರ‍್ಯಾಮ್ಸ್ ತಂಡಕ್ಕೂ ನಡೆದ ಪಂದ್ಯ. ಗೆದ್ದ ತಂಡ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಹೋಗುವುದಿತ್ತು. ಪಂದ್ಯ ಮುಗಿಯಲು ಎರಡು ನಿಮಿಷಕ್ಕೂ ಕಡಿಮೆ ಸಮಯ ಉಳಿದಿದ್ದು, ಅಂಕ 20-20ರಲ್ಲಿ ಸಮವಾಗಿತ್ತು. ಸೇಂಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವ ಆಟಗಾರ) ಡ್ರೂ ಬ್ರೀಸ್ ಬಲಬದಿಗೆ ಎಸೆದ ಚೆಂಡು ತಮ್ಮ ತಂಡದ ಟಾಮಿಲೀ ಲೂಯಿಸ್ ಅವರ ಕೈ ಸೇರುವ ಮೊದಲೇ ರ‍್ಯಾಮ್ಸ್ ತಂಡದ ನಿಕೆಲ್ ರೋಬಿ-ಕೋಲ್ಮನ್ ಓಡಿಬಂದು ಅವರಿಗೆ ಡಿಕ್ಕಿ ಹೊಡೆದು ಕೆಡವಿದರು. ಚೆಂಡು ತಲುಪುವ ಮುನ್ನ ಅದನ್ನು ಹಿಡಿಯಲು ಹೋಗುವವನನ್ನು ಹೀಗೆ ತಡೆಯುವುದು ಪಾಸ್ ಇಂಟರ್‌ಫಿಯರೆನ್ಸ್ ಎಂಬ ತಪ್ಪು. ಆಗ ಹತ್ತಿರದ ತೀರ್ಪುಗಾರರು ಹಳದಿ ಬಾವುಟವನ್ನು ನೆಲಕ್ಕೆ ಎಸೆಯಬೇಕು. ಅಂದು ಯಾರೂ ಎಸೆಯಲಿಲ್ಲ.

ಈ ಒಂದು ಮೌನದ ಬೆಲೆ ಎಷ್ಟೆಂಬುದನ್ನು ತಿಳಿಯಲು ಆಟದ ಲೆಕ್ಕವನ್ನು ಸ್ವಲ್ಪ ನೋಡಬೇಕು. ಚೆಂಡು ಹೊಂದಿದ ತಂಡಕ್ಕೆ ಹತ್ತು ಗಜ ಮುಂದುವರಿಯಲು ನಾಲ್ಕು ಅವಕಾಶಗಳಿರುತ್ತವೆ; ಆ ಹೊತ್ತಿಗೆ ಸೇಂಟ್ಸ್ ತಂಡದ ಮೂರನೆಯ ಅವಕಾಶ ನಡೆದಿತ್ತು. ಬಾವುಟ ಬಿದ್ದಿದ್ದರೆ, ತಪ್ಪು ನಡೆದ ಜಾಗದಿಂದಲೇ ಅವರಿಗೆ ಹೊಸದಾಗಿ ನಾಲ್ಕು ಅವಕಾಶಗಳು ಸಿಕ್ಕಿ, ಗಡಿಯಾರದ ಸಮಯವನ್ನು ಬಹುಮಟ್ಟಿಗೆ ಕರಗಿಸಿ, ಕೊನೆಯಲ್ಲಿ ಹತ್ತಿರದಿಂದ ಚೆಂಡನ್ನು ಒದ್ದು ಮೂರಂಕ ಪಡೆದು ಗೆಲ್ಲುವ ದಾರಿ ತೆರೆದಿರುತ್ತಿತ್ತು. ಬಾವುಟ ಬೀಳದ ಕಾರಣ ಅವರು ಆಗಲೇ ಒದ್ದು 23-20ರ ಮುನ್ನಡೆ ಪಡೆದರೂ, ಎದುರಾಳಿಗೆ ಸಾಕಷ್ಟು ಸಮಯ ಉಳಿಯಿತು. ರ‍್ಯಾಮ್ಸ್ ತಂಡದ ಗ್ರೆಗ್ ಜ಼ುಯರ್‌ಲೀನ್ 48 ಗಜದಿಂದ ಒದ್ದು ಅಂಕವನ್ನು ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ 57 ಗಜದಿಂದ ಒದ್ದು 26-23ರಿಂದ ಪಂದ್ಯವನ್ನೇ ಗೆಲ್ಲಿಸಿಕೊಟ್ಟರು. ಅವರ ಆ ಎರಡು ಒದೆತಗಳು ಅಸಾಧಾರಣವಾದವು, ಅದನ್ನು ಮರೆಯಬಾರದು. ಆದರೂ ನಿಮ್ಮ ಮಗಳ ನೆರೆಹೊರೆಯವರ ಸಿಟ್ಟು ಅನ್ಯಾಯದ್ದಲ್ಲವೆಂದೇ ನನ್ನ ಅಭಿಪ್ರಾಯ.

ತೀರ್ಪುಗಾರರಿಗೆ ಏಕೆ ಕಾಣಲಿಲ್ಲ? ಈ ಆಟದಲ್ಲಿ ಏಳು ಮಂದಿ ತೀರ್ಪುಗಾರರು ಇಪ್ಪತ್ತೆರಡು ಆಟಗಾರರನ್ನು ನೋಡಿಕೊಳ್ಳುತ್ತಾರೆ. ಪ್ರತಿಯೊಬ್ಬರಿಗೂ ನಿಗದಿಯಾದ ಜಾಗವೂ ನೋಡಬೇಕಾದ ಆಟಗಾರರೂ ಇರುತ್ತಾರೆ. ‘ರೆಫರಿ’ ಎಂದರೆ ಏಳು ಮಂದಿಯೂ ಅಲ್ಲ. ಬಿಳಿ ಟೋಪಿ ಧರಿಸಿ ತೀರ್ಪುಗಾರರ ತಂಡದ ಹೊಣೆ ಹೊತ್ತ ಒಬ್ಬರು ಮಾತ್ರ. (ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಅವರೂ ರೆಫರಿಯೇ, ಆದರೆ ಕ್ರಿಕೆಟ್ಟಿನ ಮ್ಯಾಚ್ ರೆಫರಿಯ ಕೆಲಸ ಶಿಸ್ತಿಗೆ ಸಂಬಂಧಿಸಿದ್ದು, ಮೈದಾನದಲ್ಲಿ ಔಟ್ ಕೊಡುವುದು ಅವರ ಕೆಲಸವಲ್ಲ.) ಅಂದಿನ ರೆಫರಿ ಬಿಲ್ ವಿನೋವಿಚ್, ಅದು ಆ ಜಾಗವನ್ನು ನೋಡುತ್ತಿದ್ದ ತೀರ್ಪುಗಾರರ ವಿವೇಚನೆಗೆ ಬಿಟ್ಟ ವಿಷಯವೆಂದೂ ತಾವು ಆ ಘಟನೆಯನ್ನು ನೋಡಿಲ್ಲವೆಂದೂ ಪಂದ್ಯದ ನಂತರ ಹೇಳಿದರು. ಸೇಂಟ್ಸ್ ತರಬೇತುದಾರ ಷಾನ್ ಪೇಟನ್ ಲೀಗಿನ ತೀರ್ಪುಗಾರರ ಮುಖ್ಯಸ್ಥರೊಡನೆ ಫೋನಿನಲ್ಲಿ ಮಾತನಾಡಿದಾಗ, ತಪ್ಪು ನಡೆದಿರುವುದನ್ನು ಅವರು ಒಪ್ಪಿಕೊಂಡರು. ಡಿಕ್ಕಿ ಹೊಡೆದ ಆಟಗಾರ ಸಹ ತಾನು ಚೆಂಡಿಗಿಂತ ಮೊದಲೇ ತಲುಪಿದ್ದನ್ನು ಮುಚ್ಚಿಡಲಿಲ್ಲ. ಹೀಗೆ ತಪ್ಪನ್ನು ಸಂಬಂಧಪಟ್ಟವರೆಲ್ಲ ಒಪ್ಪಿದರೂ ಫಲಿತಾಂಶ ಮಾತ್ರ ಬದಲಾಗಲಿಲ್ಲ. ಅಭಿಮಾನಿಗಳು ನ್ಯಾಯಾಲಯಕ್ಕೆ ಹೋದದ್ದೂ ಫಲಿಸಲಿಲ್ಲ.

ನಿಮ್ಮ ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು. ಎನ್‌ಎಫ್‌ಎಲ್ 1986ರಲ್ಲೇ ಮರುವೀಕ್ಷಣೆಯನ್ನು ತಂದು, 1992ರಲ್ಲಿ ಕೈಬಿಟ್ಟು, 1999ರಲ್ಲಿ ಮತ್ತೆ ತಂದಿತು. ಆದರೆ ಕಾಲು ಗೆರೆ ತುಳಿಯಿತೇ, ಚೆಂಡು ಗೋಲ್ ಗೆರೆ ದಾಟಿತೇ ಎಂಬಂಥ ವಿಷಯಗಳನ್ನಷ್ಟೇ ಮರುವೀಕ್ಷಣೆಯಲ್ಲಿ ನೋಡಲು ಅವಕಾಶವಿತ್ತು. ಪಾಸ್ ಇಂಟರ್‌ಫಿಯರೆನ್ಸ್ ಆ ಪಟ್ಟಿಯಲ್ಲಿರಲಿಲ್ಲ. ಅದಕ್ಕೊಂದು ಕಾರಣವಿದೆ. ನಮ್ಮ ದಸರಾ ಕುಸ್ತಿಯನ್ನು ನೆನೆದುಕೊಳ್ಳಿ. ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿ ಅವನು ಚಿತ್ ಆದನೋ ಇಲ್ಲವೋ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರವಿರುತ್ತದೆ; ಸರಿಯಾದ ಕೋನದಲ್ಲಿ ಕುಳಿತವನಿಗೆ ಅದು ಕಾಣುತ್ತದೆ. ಅವನು ಬೇಕೆಂದೇ ಹಿಡಿತಕ್ಕೆ ಸಿಗದೆ ಕಾಲ ಕಳೆಯುತ್ತಿದ್ದಾನೆಯೇ ಎಂಬುದನ್ನು ಮಾತ್ರ ಎಷ್ಟು ಕೋನಗಳಿಂದ ನೋಡಿದರೂ ನೋಡುವವರ ವಿವೇಚನೆಯಿಂದಲೇ ನಿರ್ಧರಿಸಬೇಕು. ಪಾಸ್ ಇಂಟರ್‌ಫಿಯರೆನ್ಸ್ ಈ ಎರಡನೆಯ ಬಗೆಯದು. ಇಬ್ಬರೂ ಒಂದೇ ಚೆಂಡಿಗಾಗಿ ಓಡುತ್ತಿರುವಾಗ ಮೈಗೆ ಮೈ ತಾಗುವುದು ಸಹಜ. ಎಷ್ಟು ತಾಗಿದರೆ ತಪ್ಪು ಎಂಬುದನ್ನು ತೂಗಿ ಹೇಳಬೇಕಾಗುತ್ತದೆ.

ಆ ಸೋಲಿನ ಬಳಿಕ ಏನಾಯಿತೆಂಬುದು ಇದಕ್ಕೆ ಸಾಕ್ಷಿ. 2019ರ ಮಾರ್ಚ್‌ನಲ್ಲಿ ತಂಡಗಳ ಒಡೆಯರು 31ಕ್ಕೆ 1 ಮತದಿಂದ ಪಾಸ್ ಇಂಟರ್‌ಫಿಯರೆನ್ಸನ್ನೂ ಮರುವೀಕ್ಷಣೆಯ ವ್ಯಾಪ್ತಿಗೆ ಒಂದು ವರ್ಷದ ಮಟ್ಟಿಗೆ ಸೇರಿಸಿದರು. ಆ ಋತುವಿನಲ್ಲಿ ತರಬೇತುದಾರರು ಕೆಂಪು ಬಾವುಟ ಎಸೆದು ಪ್ರಶ್ನಿಸಿದ ಬಹುಪಾಲು ತೀರ್ಪುಗಳು ಹಾಗೆಯೇ ಉಳಿದವು. ಒಂದು ಪಂದ್ಯದಲ್ಲಿ ತಪ್ಪೆನಿಸಿದ್ದು ಇನ್ನೊಂದರಲ್ಲಿ ತಪ್ಪಲ್ಲವೆನಿಸಿತು. ನೋಡುಗರಿಗೂ ತಂಡಗಳಿಗೂ ಗೊಂದಲ ಹೆಚ್ಚಿತು. 2020ರಲ್ಲಿ ಆ ನಿಯಮವನ್ನು ಮುಂದುವರಿಸಲಿಲ್ಲ.

ಅದೇ 2019ರ ಮಾರ್ಚ್ 28ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆದದ್ದನ್ನು ನಮ್ಮ ಓದುಗರಲ್ಲಿ ಬಹಳ ಮಂದಿ ಮರೆತಿರಲಾರರು. ಮುಂಬೈ ವಿರುದ್ಧ ನಮ್ಮ ಆರ್‌ಸಿಬಿಗೆ ಕೊನೆಯ ಎಸೆತದಲ್ಲಿ ಏಳು ರನ್ ಬೇಕಿದ್ದಾಗ ಮಾಲಿಂಗ ಗೆರೆ ದಾಟಿ ಬೌಲ್ ಮಾಡಿದ್ದು ಅಂಪೈರ್ ಕಣ್ಣಿಗೆ ಬೀಳಲಿಲ್ಲ. ನೋಬಾಲ್ ಕೊಟ್ಟಿದ್ದರೆ ಒಂದು ರನ್ನೂ ಒಂದು ಫ್ರೀ ಹಿಟ್ಟೂ ಸಿಗುತ್ತಿದ್ದವು. ಇನ್ನೊಂದು ತುದಿಯಲ್ಲಿ ಡಿವಿಲಿಯರ್ಸ್ ನಿಂತಿದ್ದರು. ತಂಡ ಆರು ರನ್‌ಗಳಿಂದ ಸೋತಿತು. ಅದು ಗೆರೆಯ ಪ್ರಶ್ನೆಯಾದ್ದರಿಂದ ಪರಿಹಾರ ಸುಲಭವಾಯಿತು: 2020ರ ಐಪಿಎಲ್‌ನಿಂದ ಮುಂಗಾಲಿನ ನೋಬಾಲನ್ನು ಮೂರನೆಯ ಅಂಪೈರ್ ನೋಡತೊಡಗಿದರು, ಆ ಪದ್ಧತಿ ನೆಲೆಯೂರಿತು. ಅಮೆರಿಕದವರ ಪ್ರಯೋಗ ಒಂದೇ ವರ್ಷಕ್ಕೆ ನಿಂತದ್ದಕ್ಕೂ ಐಪಿಎಲ್‌ನದು ಉಳಿದದ್ದಕ್ಕೂ ಮುಖ್ಯ ಕಾರಣ ಇದೇ ಎಂದು ನಾನು ಭಾವಿಸುತ್ತೇನೆ. ಆದರೂ ಲೂಯಿಸ್ ಮೇಲೆ ನಡೆದಷ್ಟು ಎದ್ದುಕಾಣುವ ತಪ್ಪನ್ನು, ಅದೂ ಕೊನೆಯ ಎರಡು ನಿಮಿಷಗಳಲ್ಲಿ, ಸರಿಪಡಿಸಲು ಒಂದು ಕಿರಿದಾದ ದಾರಿಯನ್ನಾದರೂ ಅವರು ಉಳಿಸಿಕೊಳ್ಳಬೇಕಿತ್ತು.

ಪ್ರಶ್ನೆ: ನಾನು ಶಾಲಾ ಕಬಡ್ಡಿ ಪಂದ್ಯಗಳಿಗೆ ತೀರ್ಪುಗಾರನಾಗಿ ಹೋಗುತ್ತೇನೆ. ಕೊಟ್ಟ ತೀರ್ಪು ತಪ್ಪೆಂದು ಆಮೇಲೆ ತಿಳಿದಾಗ ಅದನ್ನು ಬಹಿರಂಗವಾಗಿ ಒಪ್ಪಿಕೊಂಡರೆ ಮುಂದೆ ಮಕ್ಕಳು ನಮ್ಮ ಮಾತು ಕೇಳುವುದಿಲ್ಲವೆಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಅಮೆರಿಕದ ವೃತ್ತಿಪರ ರೆಫರಿಗಳು ಏನು ಮಾಡುತ್ತಾರೆ?
(ದೈಹಿಕ ಶಿಕ್ಷಣ ಶಿಕ್ಷಕರು, ಮಂಡ್ಯ)

ಉತ್ತರ: ಮೇಷ್ಟ್ರೇ, ನಿಮಗೆ ಒಬ್ಬರ ಕಥೆಯನ್ನು ಹೇಳುತ್ತೇನೆ. ಎಡ್ ಹೊಕುಲಿ ವೃತ್ತಿಯಲ್ಲಿ ವಕೀಲರು. ವಾರಾಂತ್ಯದಲ್ಲಿ ಎನ್‌ಎಫ್‌ಎಲ್ ರೆಫರಿಯಾಗಿದ್ದರು. 2008ರ ಸೆಪ್ಟೆಂಬರ್ 14ರಂದು ಡೆನ್ವರ್ ಮತ್ತು ಸ್ಯಾನ್ ಡಿಯಾಗೊ ತಂಡಗಳ ಪಂದ್ಯದ ಕೊನೆಯ ಹೊತ್ತಿನಲ್ಲಿ ಡೆನ್ವರ್‌ನ ಜೇ ಕಟ್ಲರ್ ಕೈಯಿಂದ ಚೆಂಡು ಜಾರಿತು, ಎದುರಾಳಿ ಅದನ್ನು ಹಿಡಿದುಕೊಂಡ. ಹೊಕುಲಿ ಅದನ್ನು ಗುರಿ ತಪ್ಪಿದ ಪಾಸ್ ಎಂದು ತಿಳಿದು ಸೀಟಿ ಊದಿದರು. ಮರುವೀಕ್ಷಣೆಯಲ್ಲಿ ತಪ್ಪು ಸ್ಪಷ್ಟವಾಗಿ ಕಂಡರೂ, ಸೀಟಿ ಊದಿದೊಡನೆ ಆಟ ನಿಂತಂತೆ ಎಂಬ ನಿಯಮವಿದ್ದ ಕಾರಣ ಚೆಂಡನ್ನು ಸ್ಯಾನ್ ಡಿಯಾಗೊಗೆ ಕೊಡಲು ಸಾಧ್ಯವಾಗಲಿಲ್ಲ. ಡೆನ್ವರ್ 39-38ರಿಂದ ಗೆದ್ದಿತು. ಹೊಕುಲಿ ಅಡಗಿ ಕೂರಲಿಲ್ಲ. ಸಿಟ್ಟಿನಿಂದ ಇಮೇಲ್ ಬರೆದ ಅಭಿಮಾನಿಗಳಿಗೆ ತಾವೇ ಉತ್ತರಿಸಿ, ತಪ್ಪು ತನ್ನದೇ ಎಂದು ಒಪ್ಪಿಕೊಂಡರು. ಮರುವರ್ಷ ಲೀಗು ಆ ನಿಯಮವನ್ನು ತಿದ್ದಿತು. ಹೊಕುಲಿ ಅದಾದ ಮೇಲೂ ಹಲವು ವರ್ಷ ರೆಫರಿಯಾಗಿ ಮುಂದುವರಿದರು, ಅವರ ಮೇಲಿನ ಗೌರವವೂ ಉಳಿಯಿತು.

ನನ್ನದೇ ಒಂದು ಅನುಭವವನ್ನೂ ಹೇಳಬೇಕು. ಬಹಳ ವರ್ಷಗಳ ಹಿಂದೆ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಹಬ್ಬದ ಕಬಡ್ಡಿಯಲ್ಲಿ ತೀರ್ಪುಗಾರನಾಗಿದ್ದೆ. ದಾಳಿಗೆ ಹೋದ ಹುಡುಗ ಬೋನಸ್ ಗೆರೆ ದಾಟುವಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಅದು ನೆಲದ ಮೇಲಿದ್ದುದನ್ನು ನಾನು ಗಮನಿಸದೆ ಅಂಕ ಕೊಟ್ಟೆ, ಎದುರು ತಂಡ ಆ ಒಂದೇ ಅಂಕದಿಂದ ಸೋತಿತು. ಸ್ನೇಹಿತನೊಬ್ಬ ತಿಳಿಸಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಸೋತ ಆ ಹುಡುಗರ ಮುಖಗಳು ಇಂದಿಗೂ ನನಗೆ ನೆನಪಿವೆ. ಪಂದ್ಯ ನಡೆಯುವಾಗ ತೀರ್ಪನ್ನು ಗಟ್ಟಿಯಾಗಿ ಕೊಡಿ, ವಾದಕ್ಕೆ ಎಡೆಗೊಡಬೇಡಿ. ಪಂದ್ಯ ಮುಗಿದ ಮೇಲೆ ತಪ್ಪು ತಿಳಿದರೆ ಎರಡೂ ತಂಡಗಳ ಮಕ್ಕಳನ್ನು ಕರೆದು ಹೇಳಿಬಿಡಿ. ನಿಮ್ಮ ಸಹೋದ್ಯೋಗಿಗಳ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಅದನ್ನು ನಾನು ಒಪ್ಪಲಾರೆ.

ಪ್ರಶ್ನೆ: ಇಷ್ಟೊಂದು ಹಣದ ಆಟದಲ್ಲಿ ತೀರ್ಪುಗಾರರು ಅರೆಕಾಲಿಕರೇ? ಅವರನ್ನು ಬದಲಾಯಿಸಿದರೆ ಸರಿಹೋಗುವುದಿಲ್ಲವೇ?
(ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು)

ಉತ್ತರ: ಹೆಚ್ಚಿನವರಿಗೆ ಬೇರೆ ಉದ್ಯೋಗವಿರುವುದು ನಿಜ. ಬದಲಾಯಿಸಿ ನೋಡಿದ ಉದಾಹರಣೆಯೂ ಇದೆ. 2012ರಲ್ಲಿ ವೇತನ ಮತ್ತು ಪಿಂಚಣಿಯ ವಿವಾದದಿಂದ ಲೀಗು ಅನುಭವಿ ತೀರ್ಪುಗಾರರನ್ನು ಹೊರಗಿಟ್ಟು ಬದಲಿಯವರನ್ನು ಇಳಿಸಿತು. ಸೆಪ್ಟೆಂಬರ್ 24ರ ರಾತ್ರಿ ಸಿಯಾಟಲ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಎದುರು ಪಂದ್ಯದ ಕೊನೆಯ ಎಸೆತವನ್ನು ಎರಡೂ ಕಡೆಯ ಆಟಗಾರರು ಒಟ್ಟಿಗೆ ಹಿಡಿದುಕೊಂಡು ಬಿದ್ದಾಗ, ಪಕ್ಕದಲ್ಲಿದ್ದ ಇಬ್ಬರು ತೀರ್ಪುಗಾರರು ಒಬ್ಬರಿಗೊಬ್ಬರು ಹೊಂದದ ಸನ್ನೆ ಮಾಡಿದರು. ಟಚ್‌ಡೌನ್ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡು ಹಿಡಿದು ಅಂಕ ಗಳಿಸುವುದು) ಎಂದು ತೀರ್ಮಾನವಾಗಿ ಸಿಯಾಟಲ್ 14-12ರಿಂದ ಗೆದ್ದಿತು. ಅದಕ್ಕೆ ಮುನ್ನ ಸಿಯಾಟಲ್‌ನ ಗೋಲ್ಡನ್ ಟೇಟ್ ಎದುರಾಳಿಯೊಬ್ಬನನ್ನು ತಳ್ಳಿದ್ದಕ್ಕೆ ಬಾವುಟ ಬೀಳಬೇಕಿತ್ತೆಂದು ಲೀಗೇ ಮರುದಿನ ಹೇಳಿತು. ಎರಡೇ ದಿನಗಳಲ್ಲಿ ಒಪ್ಪಂದವಾಗಿ ಹಳಬರು ಮರಳಿದರು. ಅನುಭವಿಗಳೂ ತಪ್ಪುತ್ತಾರೆ, ಆದರೆ ಅವರಿಲ್ಲದಾಗ ಆಟ ಎಲ್ಲಿಗೆ ಹೋಗುತ್ತದೆಂಬುದನ್ನು ಆ ಮೂರು ವಾರಗಳು ತೋರಿಸಿದವು.

ಪ್ರಶ್ನೆ: ಇವೆಲ್ಲ ಮೊದಲೇ ನಿಗದಿಯಾದ ಫಲಿತಾಂಶಗಳೆಂದು ಗೆಳೆಯರು ವಾದಿಸುತ್ತಾರೆ. ನಿಜವೇ?
(ಓದುಗರು, ಶ್ರೀರಂಗಪಟ್ಟಣ)

ಉತ್ತರ: ಮೇಲೆ ಹೇಳಿದ ಯಾವ ಪ್ರಕರಣದಲ್ಲಿಯೂ ಸಂಚಿನ ಪುರಾವೆ ದೊರೆತಿಲ್ಲ. ಆದರೆ ಅನುಮಾನವನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ ರೆಫರಿ ಟಿಮ್ ಡೊನಾಗಿ, ತಾನೇ ತೀರ್ಪು ನೀಡುತ್ತಿದ್ದ ಪಂದ್ಯಗಳ ಮೇಲೆ ಬಾಜಿ ಕಟ್ಟಿದ್ದನ್ನು 2007ರಲ್ಲಿ ಒಪ್ಪಿಕೊಂಡು ಜೈಲಿಗೆ ಹೋದರು. 2018ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಕ್ರೀಡಾ ಬಾಜಿಯನ್ನು ಕಾನೂನುಬದ್ಧಗೊಳಿಸಲು ರಾಜ್ಯಗಳಿಗೆ ದಾರಿಯಾಗಿದೆ. ಆದ್ದರಿಂದ ಲೀಗು ಪ್ರತಿಯೊಂದು ದೊಡ್ಡ ತಪ್ಪಿನ ಮರುದಿನವೇ ಯಾರು ಎಲ್ಲಿ ನಿಂತಿದ್ದರು, ಏನು ಕಂಡರು ಎಂಬುದನ್ನು ಪ್ರಕಟಿಸಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ. ನಿಮ್ಮ ಗೆಳೆಯರು ವಾದವನ್ನು ಆ ಕಡೆಗೆ ತಿರುಗಿಸಿದರೆ ನಾನು ಅವರ ಪಕ್ಷದಲ್ಲಿರುತ್ತೇನೆ.